ಆರು ಕೈ, ಮೇಲೆ ನಾಲ್ಕು

"ಅಮ್ಮಾ, ನೂರು ಕೊಟ್ರೆ ಅರವತ್ನಾಲ್ಕು ಅಂತಿದೆ. ಸ್ಕ್ರಿಪ್ಟೇ ತಪ್ಪಿರ್ಬೇಕು," ಎಂದು ಮಗಳು ಬೆಳಿಗ್ಗೆಯಿಂದ ಲ್ಯಾಪ್‌ಟಾಪಿನ ಕಪ್ಪು ಪರದೆಯ ಮುಂದೆ ಚಡಪಡಿಸುತ್ತಿದ್ದಳು. ನಮ್ಮ ಹತ್ತರ ಲೆಕ್ಕವನ್ನು ಹದಿನಾರರ ಲೆಕ್ಕಕ್ಕೆ ತಿರುಗಿಸುವ ಪುಟ್ಟ ಪ್ರೋಗ್ರಾಂ ಬರೆಯುವ ಕಾಲೇಜಿನ ಹೋಂವರ್ಕ್. ಹದಿನಾರು ಎಂದದ್ದೇ ತಡ, ನನ್ನ ಹೆಬ್ಬೆರಳು ತಾನಾಗಿ ಬೆರಳುಗಳ ಮೇಲೆ ಓಡತೊಡಗಿತು.

ನಾನು ಚಿಕ್ಕವಳಿದ್ದಾಗ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಿಂದ ನನ್ನಮ್ಮ ದಾರ ಕತ್ತರಿಸಲು ಶರ್ಟಿನ ಕಾಲರ್‌ಗಳನ್ನು ಮನೆಗೆ ತರುತ್ತಿದ್ದಳು. ಎಣಿಸುವುದು ಹೆಬ್ಬೆರಳಿನಿಂದ: ಬೆರಳಿಗೆ ಮೂರು ಗೆರೆ, ಒಂದು ತುದಿ. ನಾಲ್ಕು ಬೆರಳಿಗೆ ಹದಿನಾರು. ಅದು ಅವಳಿಗೆ ಒಂದು ಕೈ. ನೂರರ ಕಟ್ಟೆಂದರೆ ಆರು ಕೈ, ಮೇಲೆ ನಾಲ್ಕು. ಒಂದು ದಿನ ಹೊರಗೆ ಗೆಳತಿಯರು ಕುಂಟೆಬಿಲ್ಲೆಗೆ ಕರೆಯುತ್ತಿದ್ದರು. ಆತುರದಲ್ಲಿ ನಾನು ತುದಿಗಳನ್ನು ಬಿಟ್ಟು ಗೆರೆಗಳನ್ನಷ್ಟೇ ಎಣಿಸಿ ಕಟ್ಟಿದೆ. ಕೈಗೆ ಹನ್ನೆರಡೇ ಆಯಿತು. ಅಮ್ಮ ನನ್ನ ಎಣಿಕೆಯನ್ನು ನಂಬಿದಳು. ಕಟ್ಟಿನಲ್ಲಿ ಇಪ್ಪತ್ನಾಲ್ಕು ಕಾಲರ್ ಕಡಿಮೆ ಬಂತೆಂದು ಸೂಪರ್‌ವೈಸರ್ ಅವಳಿಗೆ ಒಂದು ವಾರ ಕೆಲಸ ಕೊಡಲಿಲ್ಲ. ಅಮ್ಮ ಬೈಯಲಿಲ್ಲ. ಆ ವಾರವೆಲ್ಲ ಬರಿಗೈಯಲ್ಲಿ ಕೂತಾಗಲೂ ಅವಳ ಹೆಬ್ಬೆರಳು ಮಾತ್ರ ಓಡುತ್ತಲೇ ಇತ್ತು.

"ಸ್ಕ್ರಿಪ್ಟ್ ಸರಿಯಾಗೇ ಇದೆ ಕಣೇ. ಅದು ಅರವತ್ನಾಲ್ಕಲ್ಲ, ಆರು ಕೈ, ಮೇಲೆ ನಾಲ್ಕು," ಎಂದು ಕೈ ತೋರಿಸಿ ವಿವರಿಸಿದೆ. ಮಗಳು ನಂಬದೆ ತನ್ನ ಬೆರಳುಗಳನ್ನು ಸರಸರನೆ ಎಣಿಸಿದಳು. ಹನ್ನೆರಡಕ್ಕೇ ಮುಗಿಯಿತು.

ನಾನು ಅವಳ ಕೈ ಹಿಡಿದುಕೊಂಡೆ. "ನಿಧಾನ. ತುದಿ ಬಿಟ್ಟೆ ನೋಡು."