ಮಂಗಳನ ದಾರಿಯಲ್ಲಿ ಶೇಂಗಾ ಚಟ್ನಿ

ಮಧ್ಯಾಹ್ನದ ಭಾಂಡೆ ತೊಳೆದು, ಕಟ್ಟೆ ಒರೆಸಿದ ಮೇಲೆ ನಾನು ಬಾಹ್ಯಾಕಾಶಕ್ಕೆ ಹೊರಡುತ್ತಿದ್ದೆ. ಬೈರಿದೇವರಕೊಪ್ಪದ ನಮ್ಮ ಅಡುಗೆಮನೆಯಲ್ಲೇ ಮಗಳ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು, ಇಳಕಲ್ ಸೀರೆಯ ಅಜ್ಜಿಯೊಬ್ಬಳು ಬುತ್ತಿ ಕಟ್ಟಿಕೊಂಡು ಮಂಗಳಗ್ರಹಕ್ಕೆ ಹೋಗುವ ಆನಿಮೇಶನ್ ಮಾಡಿದೆ. ಅಜ್ಜಿಗೆ ದನಿ ನಮ್ಮ ಅತ್ತೆಯವರದು. ಬೀಗರು ನೋಡಿ ನಗಲಿ ಅಂತ ಇಂಟರ್ನೆಟ್ಟಿಗೆ ಹಾಕಿದೆ, ಅಷ್ಟೇ.

ಒಂದು ದಿನ ಫೋನು. ಧಾರವಾಡದ ಕಾಲೇಜೊಂದರ ಪುಟ್ಟ ತಾರಾಲಯದ ಮೇಡಂ.

“ನಿಮ್ಮ ಅಜ್ಜೀನ್ನ ನಮ್ಮ ಗುಮ್ಮಟದಾಗ ತೋರಸೋಣೇನ್ರಿ?”

ಯಾರೋ ಮೋಸಗಾರರೆಂದು ಫೋನು ಇಟ್ಟುಬಿಟ್ಟೆ. ಪುಣ್ಯಕ್ಕೆ ಅವರು ಮತ್ತೆ ಮಾಡಿದರು. ಆಮೇಲೆ ಒಲೆಯ ಮೇಲಿನ ಹಾಲು ಉಕ್ಕಿತು, ನಾನೂ ಉಕ್ಕಿದೆ.

ಆದರೆ ಒಂದು ತಕರಾರಿತ್ತು. ನನ್ನ ರಾಕೆಟ್ಟಿನೊಳಗೆ ಅಜ್ಜಿಯ ಸೆರಗು ತೇಲುತ್ತಿತ್ತು, ತಂಬಿಗೆ ತೇಲುತ್ತಿತ್ತು, ರೊಟ್ಟಿಯೂ ತೇಲುತ್ತಿತ್ತು. ಶೇಂಗಾ ಚಟ್ನಿಪುಡಿ ಮಾತ್ರ, ಮನೆಯಲ್ಲಿ ನಡುವೆ ಗುಳಿ ಮಾಡಿ ಎಣ್ಣೆ ಹೊಯ್ದು ಬಡಿಸಿದಂತೆ, ತಾಟಿನಲ್ಲಿ ಗಟ್ಟಿಯಾಗಿ ಕೂತಿತ್ತು! ಚಟ್ನಿ ಕೂರದ ತಾಟನ್ನು ನಾನು ಕಂಡಿದ್ದರೆ ತಾನೆ.

“ಮಕ್ಕಳಿಗೆ ತಪ್ಪು ತೋರಿಸಿದಂಗ ಆಗ್ತದರಿ. ಚಟ್ನಿ ತಗದ್ರ ಮಾತ್ರ ಹಾಕ್ತೇವಿ,” ಎಂದರು ಮೇಡಂ.

ಗುಮ್ಮಟ ಕೈತಪ್ಪೀತೆಂದು ಅಳಿಸಲು ಕೂತೆ. ಅತ್ತೆಯವರು ಬಿಡಲಿಲ್ಲ.

“ಚಟ್ನಿ ಇಲ್ಲದ ಬುತ್ತಿ ಕಟ್ಟಿ ಯಾರನ್ನರೆ ಊರಿಗೆ ಕಳಿಸ್ತಾರೇನವಾ? ಅದೂ ಅಷ್ಟು ದೂರ!”

“ಅತ್ತೀ, ಅಲ್ಲಿ ಅದು ಹಾರ್ತದಂತ್ರಿ. ಕಣ್ಣಾಗ, ಮೂಗಿನಾಗ ಹೋಗ್ತದಂತ.”

“ಹಾರ್ಲಿ ಬಿಡು. ಸೀನ್ತಾಳ. ನಾವೇನು ಸೀನೂದಿಲ್ಲೇನು?”

ನನಗೆ ನಗು ತಡೆಯಲಿಲ್ಲ. ಅಳಿಸುವುದು ಬಿಟ್ಟು, ಚಟ್ನಿಯನ್ನು ಹಾರಿಸತೊಡಗಿದೆ. ಸೀನು ಖರೇ ಬರಲೆಂದು ಅತ್ತೆಯವರು ಚಟ್ನಿ ಡಬ್ಬಿಯನ್ನೇ ಮೂಸಿದರು. ರೆಕಾರ್ಡು ಮಾಡುತ್ತಿದ್ದ ನನಗೂ ಸೀನು, ಬಾಗಿಲಲ್ಲಿ ನಿಂತ ಯಜಮಾನರಿಗೂ ಸೀನು.

ಅತ್ತೆಯವರನ್ನೂ ಕರೆದುಕೊಂಡು ಧಾರವಾಡಕ್ಕೆ ಹೋದೆ. “ತೆಗೀಲಿಲ್ಲೇನ್ರಿ?” ಎಂದು ಮೇಡಂ ಹುಬ್ಬೇರಿಸಿದರು. ಆದರೂ ಸಾಲಿ ಮಕ್ಕಳನ್ನು ಕೂರಿಸಿ ಒಮ್ಮೆ ಹಾಕಿ ನೋಡಿದರು. ಗುಮ್ಮಟದ ತುಂಬ ಕೆಂಪು ಪುಡಿ ಹರಡಿತು. ಅಜ್ಜಿ ಸೀನಿದಳು, ಸೀನಿದ ರಭಸಕ್ಕೆ ಹಿಂದಕ್ಕೆ ಪಲ್ಟಿ ಹೊಡೆಯುತ್ತ ಕಿಟಕಿಯವರೆಗೂ ಹೋದಳು. ಮಕ್ಕಳು ಕುರ್ಚಿಯ ಮೇಲೆ ನಿಂತು ಕೂಗಿದರು. ಮುಂದಕ್ಕೆ ಸೀನಿದರೆ ಹಿಂದಕ್ಕೆ ಯಾಕೆ ಹೋದಳು ಎಂದು ಒಬ್ಬಳು ಕೇಳಿಯೇಬಿಟ್ಟಳು.

ಮೇಡಂ ನಕ್ಕು ಕಣ್ಣೊರೆಸಿಕೊಂಡು ನನ್ನತ್ತ ಬಗ್ಗಿದರು. “ಇದನ್ನ ಕಲಿಸಾಕ ನಾ ಒಂದು ತಾಸು ಒದ್ದಾಡ್ತೇನ್ರಿ. ಇರ್ಲಿ, ಚಟ್ನಿ ತೆಗೀಬ್ಯಾಡ್ರಿ. ದಿನಾ ಹಾಕೋಣು.”

ನಾನು ಉತ್ತರ ಕೊಡುವಷ್ಟರಲ್ಲಿ ಮಕ್ಕಳು ಪಕ್ಕದಲ್ಲಿ ಮಾತಾಡುತ್ತಿದ್ದ ಅತ್ತೆಯವರ ದನಿ ಗುರುತು ಹಿಡಿದು ಮುತ್ತಿಕೊಂಡಿದ್ದರು.

“ಅಜ್ಜೀ, ಇನ್ನೊಮ್ಮೆ ಸೀನ್ರಿ!”

ಅತ್ತೆಯವರು ಸೆರಗು ಸರಿ ಮಾಡಿಕೊಂಡು, “ದೂರ ಸರೀರಿ, ಎಲ್ಲಿಗರೆ ಹಾರಿ ಹೋದೇನು,” ಎಂದು ಕುರ್ಚಿ ಗಟ್ಟಿಯಾಗಿ ಹಿಡಿದರು.