ಶುಕ್ರವಾರ ಉಳಿಸಿದ ಗಾಜಿನ ದೀಪ

ಸ್ನಾನ ಮುಗಿಸಿ ಬಂದು ನೋಡಿದರೆ ಕಪಾಟಿನಲ್ಲಿ ನನ್ನ ಹೊಸ ದೀಪವೇ ಇಲ್ಲ. ಹೊಸದೆಂದರೆ ನನಗೆ ಹೊಸದು, ಗೆಳತಿಯರೇ. ನಿನ್ನೆ ಯರಗಟ್ಟಿಯ ಗುಜರಿ ಅಂಗಡಿಯಿಂದ ತಂದ, ಮುತ್ತಜ್ಜಿಯ ಕಾಲದ ದಪ್ಪ ಗಾಜಿನ ಚಿಮಣಿ ದೀಪ ಅದು. ಹೊರಗೆ ಕಸದ ಗಾಡಿ ಹಾಡು ಹಚ್ಚಿಕೊಂಡು ನಿಂತಿತ್ತು. 

ಓಡಿದೆ. ಅತ್ತೆ ದೀಪ ಹಿಡಿದು ಹೊಸ್ತಿಲ ಹತ್ತಿರ ನಿಂತಿದ್ದರು. ಹೊರಗೂ ಹೋಗುತ್ತಿಲ್ಲ, ಒಳಗೂ ಬರುತ್ತಿಲ್ಲ.

“ಇದು ಸೀಳೈತಿ ನೋಡು. ಒಡಕ ಗಾಜ ಮನ್ಯಾಗ ಇಡಬಾರದು.”

“ಅದು ಸೀಳಲ್ರಿ ಅತ್ತಿ, ಅಚ್ಚಿನ ಗೆರಿ. ಕಾಸಿದ ಗಾಜ ಅಚ್ಚಿನ್ಯಾಗ ಒತ್ತಿದಾಗ ಬೀಳತೈತಿ. ಆ ಗೆರಿ ಇದ್ರ ಹಳೇದು ಅಂತ, ಅದನ್ನ ನೋಡೇ ತಂದೇನ್ರಿ.”

“ಸೀಳ ನೋಡಿ ಸಾಮಾನ ತರೂದು ಎಲ್ಲಿ ಕಲ್ತಿಯವಾ?”

“ಮತ್ತ ಗಾಡಿಗೆ ಯಾಕ ಹಾಕ್ಲಿಲ್ರಿ?”

“ಇವತ್ತ ಶುಕ್ರವಾರ. ದೀಪ ಹೊರಗ ಹಾಕೂದು ಹೆಂಗ?”

ಗಾಡಿ ಮುಂದಿನ ಓಣಿಗೆ ಹೋಯಿತು. ನನಗೆ ಉಸಿರು ಬಂತು. ಸೀಳಿದ್ದರೆ ಸೋರಲಿ ಎಂದು ದೀಪದ ಬುಡದ ತುಂಬ ನೀರು ಹಾಕಿ, ಹಳೆಯ ಪೇಪರಿನ ಮೇಲಿಟ್ಟೆ. ಅತ್ತೆ ಬಂದು ಬಂದು ಪೇಪರ್ ಮುಟ್ಟಿ ನೋಡಿದರು. ಸಂಜೆಯವರೆಗೂ ಒಂದು ಹನಿ ಸೋರಲಿಲ್ಲ.

“ಇರ್ಲಿ ಬಿಡು. ಆದ್ರ ಆ ಗೆರಿ ಗ್ವಾಡಿ ಕಡೆ ಮಾಡಿ ಇಡು. ಮನಿಗೆ ಬಂದವ್ರು ಏನಂದಾರು.”

ಗೆರೆಯನ್ನು ಗೋಡೆಗೆ ತಿರುಗಿಸಿ ಹಾಗೆಯೇ ಇಟ್ಟಿದ್ದೇನೆ. ಎರಡು ಹೋಳಿನ ಅಚ್ಚಾದ್ದರಿಂದ ಅಂಥದೇ ಇನ್ನೊಂದು ಗೆರೆ ಈಗ ಎದುರಿಗೆ ಬಂದಿದೆ. ಅದಿನ್ನೂ ಅತ್ತೆಯ ಕಣ್ಣಿಗೆ ಬಿದ್ದಿಲ್ಲ. ದೀಪ ನೋಡಲು ಬರುವವರು “ಚಂದ ಐತಿ” ಎಂದಷ್ಟೇ ಹೇಳಿ ಚಹಾ ಕುಡಿದು ಹೋಗಿ. ನಾಳೆ ಶನಿವಾರ, ಕಸದ ಗಾಡಿ ಮತ್ತೆ ಬರುತ್ತದೆ.