ಹಾಸಿಗೆಯ ಕೆಳಗಿನ ಪ್ಲೈವುಡ್

ತಾರಸಿಯ ಮೇಲಿನ ನೀರಿನ ಟ್ಯಾಂಕ್ ತೊಳೆಯಲು ಹತ್ತಿದ್ದ ನಮ್ಮ ಯಜಮಾನರು ಬಿದ್ದು ಬೆನ್ನುಮೂಳೆ ಮುರಿದುಕೊಂಡರು. ಹಾಸನದ ಆಸ್ಪತ್ರೆಯಿಂದ ಶಾಂತಿಗ್ರಾಮಕ್ಕೆ ಕರೆತರುವ ದಿನ ಡಾಕ್ಟರು, ‘ಬೆನ್ನು ತಗ್ಗಬಾರದು, ಹಾಸಿಗೆಯ ಕೆಳಗೆ ಪ್ಲೈವುಡ್ ಹಾಕಿ’ ಎಂದಷ್ಟೇ ಹೇಳಿದರು. ನಮ್ಮದು ನವಾರಿನ ಮಂಚ, ಕೂತರೆ ತೊಟ್ಟಿಲಿನ ಹಾಗೆ ಇಳಿಯುತ್ತಿತ್ತು. ಅವರು ಎದ್ದು ಓಡಾಡುವುದು ಯಾವಾಗ ಎಂದು ಡಾಕ್ಟರನ್ನು ಕೇಳುವ ಧೈರ್ಯ ನನಗಿರಲಿಲ್ಲ.

ಮಾರನೆಯ ದಿನ ಬಸ್ಸು ಹತ್ತಿ ಹಾಸನದ ಪ್ಲೈವುಡ್ ಅಂಗಡಿಗೆ ಹೋದೆ.

‘ಎಲ್ಲಿಗೆ ಅಕ್ಕಾ, ಅಡುಗೆಮನೆಗಾ?’ ಎಂದ ಅಂಗಡಿಯವನು.

‘ಹೂಂ’ ಅಂದುಬಿಟ್ಟೆ. ಮಲಗಿದಲ್ಲೇ ಎಲ್ಲವೂ ಆಗಬೇಕು, ಬಟ್ಟೆ ಹಾಸಿದರೂ ಒದ್ದೆ ಇಳಿಯುತ್ತದೆ ಎಂದು ಅಪರಿಚಿತನಿಗೆ ಹೇಗೆ ಹೇಳುವುದು?

‘ನೀರು ಬೀಳುತ್ತಾ?’

‘ಬೀಳುತ್ತೆ.’

‘ಹಂಗಾದ್ರೆ ಎಷ್ಟು ವರ್ಷ ಬರ್ಬೇಕು ಹೇಳಿ. ಸ್ವಲ್ಪ ದಿನಕ್ಕಾದ್ರೆ ಈ ಅಗ್ಗದ ಕಮರ್ಷಿಯಲ್ ಪ್ಲೈವುಡ್ ಸಾಕು. ಕಾಯಂ ಆದ್ರೆ ವಾಟರ್‌ಪ್ರೂಫ್ ತಗೊಳ್ಳಿ.’

ನಾನು ಎರಡೂ ಹಲಗೆಗಳನ್ನು ಮುಟ್ಟಿ ನೋಡಿದೆ. ನನಗೆ ತಿಳಿಯಲಿಲ್ಲ ಎಂದುಕೊಂಡು ಅವನು ತಾಳ್ಮೆಯಿಂದ ಅಂಚು ತೋರಿಸಿದ. ಪದರಗಳ ನಡುವೆ ಸಂದು ಇರಬಾರದು, ಬೆರಳಿನಿಂದ ಬಡಿದರೆ ಎಲ್ಲ ಕಡೆ ಒಂದೇ ಸದ್ದು ಬರಬೇಕು ಎಂದ. ಕೊನೆಗೆ ಎರಡರದೂ ಚೂರು ಕೊಟ್ಟು, ‘ನೀರಲ್ಲಿ ಕುದಿಸಿ ನೋಡಿ, ಆಮೇಲೆ ಬನ್ನಿ’ ಎಂದು ಕಳಿಸಿದ.

ಬೇರೆ ಪಾತ್ರೆ ಇಡಬೇಕೆಂದು ಹೊಳೆಯಲೇ ಇಲ್ಲ. ಚೂರುಗಳನ್ನು ಬಚ್ಚಲ ಹಂಡೆಗೆ ಹಾಕಿ ಒಲೆ ಉರಿಸುತ್ತಾ ಕೂತೆ. ನೋಡಿಕೊಳ್ಳಲೆಂದು ಬಂದಿದ್ದ ಯಜಮಾನರ ಅಕ್ಕ, ನನ್ನ ಅತ್ತಿಗೆ, ಬಾಗಿಲಲ್ಲಿ ನಿಂತರು.

‘ಅನ್ನ ಬೇಯ್ಸೋದ್ ಬುಟ್ಟು ಅಲಗೆ ಬೇಯಿಸ್ತಾ ಕುಂತವ್ಳೆ ನೋಡು! ಉಪ್ಪು ಉಳಿ ಹಾಕಿದ್ಯಾ?’

ನಾನು ನಗಲಿಲ್ಲ. ಕಮರ್ಷಿಯಲ್ ಚೂರು ಉಬ್ಬಿ, ಈರುಳ್ಳಿಯಂತೆ ಪದರ ಪದರವಾಗಿ ಬಿಟ್ಟುಕೊಂಡಿತ್ತು. ಇನ್ನೊಂದು ಹಾಕಿದ ಹಾಗೆಯೇ ಇತ್ತು.

‘ಅಗ್ಗದ್ದೇ ಸಾಕು ಕಣಮ್ಮಿ’ ಎಂದರು ಅವರು, ಈಗ ದನಿ ತಗ್ಗಿಸಿ. ‘ಮೂರು ತಿಂಗ್ಳಿಗೆ ಎದ್ದು ಓಡಾಡ್ತಾನೆ. ಕಾಯಂ ಇರೋದ್ ತಂದು ಅವನ್ನ ಅಲ್ಲೇ ಮಲಗ್ಸಬೇಕು ಅಂತಿದ್ಯಾ?’

ಹಂಡೆಯ ನೀರೆಲ್ಲ ಗೋಂದಿನ ವಾಸನೆ ಹಿಡಿದಿತ್ತು. ಅದನ್ನು ಚೆಲ್ಲಿ, ಹಂಡೆ ತಿಕ್ಕಿ, ಬೇರೆ ನೀರು ಕಾಯಿಸಿ ಯಜಮಾನರ ಮೈ ಒರೆಸಿದೆ. ಕಾಲಿನ ಹತ್ತಿರ ಬಂದಾಗ ಎಂದಿನಂತೆ, ‘ಗೊತ್ತಾಯ್ತದಾ?’ ಎಂದೆ. ‘ಇಲ್ಲ’ ಎಂದರು. ಟವೆಲ್ ಹಿಂಡಿ ಹಗ್ಗದ ಮೇಲೆ ಹಾಕಿದೆ.

ಮರುದಿನ ವಾಟರ್‌ಪ್ರೂಫ್ ಪ್ಲೈವುಡ್ಡನ್ನೇ ತಂದೆ. ಆಟೋದಲ್ಲಿ ಅದು ಹಿಡಿಸಲಿಲ್ಲ, ಲಗೇಜ್ ಗಾಡಿಯವನ ಪಕ್ಕದಲ್ಲಿ ಕೂತು ಬಂದೆ. ಬಡಗಿ ಮಂಚದ ಅಳತೆಗೆ ಕೊಯ್ದು, ಮೂಲೆಗಳನ್ನು ಉಜ್ಜಿ ನುಣುಪು ಮಾಡಿಕೊಟ್ಟ. ನಾಲ್ಕು ಜನ ಸೇರಿ ಯಜಮಾನರನ್ನು ಎತ್ತಿ ಮಲಗಿಸಿದರು. ಅತ್ತಿಗೆ ಹಲಗೆಯ ಅಂಚನ್ನು ಒಮ್ಮೆ ಮುಟ್ಟಿ ನೋಡಿ ಒಳಗೆ ಹೋದರು.

ಎಲ್ಲರೂ ಹೋದ ಮೇಲೆ ಯಜಮಾನರು ಕೇಳಿದರು, ‘ಕಾಯಂ ಬರೋದೇ ತಂದ್ಯಾ?’

‘ಹೂಂ.’

ಅವರು ಕೈ ಇಳಿಬಿಟ್ಟು ಹಲಗೆಯ ಅಂಚನ್ನು ಬೆರಳಿನಿಂದ ಬಡಿದು ನೋಡಿದರು. ‘ಆಗ್ಲಿ ಬುಡು’ ಎಂದರು ಆಮೇಲೆ. ನಾನು ಹೊದಿಕೆ ಸರಿಮಾಡಿ, ಅನ್ನಕ್ಕಿಡಲು ಎದ್ದೆ.